ನೀರು ಕೊಟ್ಟವಳ ಕಲ್ಲಿಗೆ ಬೇಲಿ

ಪ್ರಾಚೀನ ಸ್ಮಾರಕಗಳ ರಕ್ಷಣೆಯ ಹೊಣೆ ಹೊತ್ತ ಮಾನ್ಯರೇ,

ಎಂಟು ಶತಮಾನಗಳ ಹಿಂದೆ ದಾರಿಹೋಕರಿಗೆ ನೀರು ಕೊಡಿಸಿದ ಹೆಂಗಸೊಬ್ಬಳ ನೆನಪನ್ನು ಕಾಪಾಡಲೆಂದು ತಾವು ದಾರಿಹೋಕರಿಗೆ ನೀರು ಸಿಗದಂತೆ ಮಾಡಿದ್ದೀರಿ. ದೂರು ಇಷ್ಟೇ. ಉಳಿದದ್ದು ವಿವರ.

ಕಿರುಗಾವಲಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ನಮ್ಮೂರ ಬಸ್ಸು ನಿಲ್ಲುವ ಕಡೆ, ಹೊಂಗೆಮರದ ಕೆಳಗೊಂದು ಶಾಸನದ ಕಲ್ಲಿದೆ. ಅದರ ಪಕ್ಕದ ಜಗಲಿಯ ಮೇಲೆ ಪ್ರತಿ ಬೇಸಿಗೆಯಲ್ಲೂ ನಾನು ಮತ್ತು ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ಮಹಮೂದಾ ನೀರಿನ ಮಡಕೆ ಇಡುತ್ತಿದ್ದೆವು. ನಮಗಿಂತ ಮುಂಚೆ ನಮ್ಮ ಅತ್ತೆಯರು ಇಡುತ್ತಿದ್ದರು. ಈ ಸಲ ಶಿವರಾತ್ರಿ ಕಳೆಯುತ್ತಲೇ ತಮ್ಮವರು ಬಂದು ಕಲ್ಲು, ಜಗಲಿ, ಮರದ ನೆರಳು ಎಲ್ಲವನ್ನೂ ಸೇರಿಸಿ ಕಬ್ಬಿಣದ ಬೇಲಿ ಹಾಕಿ ಬೀಗ ಜಡಿದರು. ಬೀಗದ ಕೈ ಮಂಡ್ಯದಲ್ಲಿದೆಯಂತೆ. ನೆರಳಿಗೂ ಬೇಲಿ ಹಾಕಬಹುದೆಂಬುದು, ಬದುಕೆಲ್ಲ ಇತಿಹಾಸ ಪಾಠ ಮಾಡಿದ ನನಗೂ ಹೊಸ ವಿಷಯ.

ತಮ್ಮ ಫಲಕ ಬಹಳ ಚೆನ್ನಾಗಿದೆ. "ಪ್ರಾಚೀನ ಭಾರತೀಯರಿಗೆ ಜಲದಾನವೇ ಪರಮಧರ್ಮ. ಇಲ್ಲಿ ಅರವಟ್ಟಿಗೆ ನಡೆಸಲು ನಾಯಕನ ಮಡದಿ ಭೂಮಿ ಕೊಟ್ಟಳು" ಎಂದಿದೆ. ಅದರ ಕೆಳಗೇ "ಮಡಕೆ ಇತ್ಯಾದಿ ಇಡುವುದು ಶಿಕ್ಷಾರ್ಹ" ಎಂದಿದೆ. ಎರಡನ್ನೂ ಬರೆಸಿದವರು ಒಬ್ಬರೇ ತಾನೆ? ಬರೆಸಿದ ಮೇಲೆ ಓದುವ ಪದ್ಧತಿ ಇಲ್ಲವೆ? ಸಂಸ್ಕೃತಿಯೊಂದು ತಮ್ಮ ರಕ್ಷಣೆಗೆ ಅರ್ಹವಾಗಬೇಕಾದರೆ ಮೊದಲು ಸಾಯಲೇಬೇಕೆ?

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಬಂಡೂರಿನ ಕುರಿಗಾರ ಕೆಂಪಸಿದ್ದಯ್ಯ ಬಸ್ಸಿಳಿದು, ರೂಢಿಯಂತೆ ಮರದತ್ತ ನಡೆದರು. ಬೇಲಿ ಹಿಡಿದು ನಿಂತವರು ಹಾಗೇ ಕುಸಿದರು. ಮಹಮೂದಾ ಹೊಲಿಗೆ ಬಿಟ್ಟು ಚೊಂಬು ಹಿಡಿದು ಓಡಿದರು. ಅವರ ಹಿಂದೆ ನಾನೂ. ನೀರು ಕುಡಿದು ಸುಧಾರಿಸಿಕೊಂಡ ಮುದುಕರು ಕಲ್ಲನ್ನೇ ದಿಟ್ಟಿಸಿದರು.

"ಯಾಕವ್ವಾ ಬೇಲಿ? ಕಲ್ಲು ಓಡೋಯ್ತದಾ?"

"ಯಾರಾದ್ರೂ ನೀರ್ ಕುಡ್ದುಬುಟ್ಟಾರು ಅಂತ ಕಣಜ್ಜ" ಎಂದರು ಮಹಮೂದಾ.

ನಕ್ಕೆವು. ಆದರೂ ಆ ಹೊತ್ತಿಗೆ ಮಹಮೂದಾ ಮನೆಯಲ್ಲಿ ಇಲ್ಲದಿದ್ದರೆ ಎಂಬ ಯೋಚನೆ ಅವತ್ತೆಲ್ಲ ನನ್ನನ್ನು ಬಿಡಲಿಲ್ಲ.

ಮರುದಿನ ಬೇಲಿಯ ಹೊರಗೆ, ಬಿಸಿಲಲ್ಲೇ, ಒದ್ದೆ ಗೋಣಿ ಸುತ್ತಿ ಮಡಕೆ ಇಟ್ಟೆವು. ಅತಿಕ್ರಮಣದ ನೋಟಿಸು ಅಂಟಿಸಲು ಮೊನ್ನೆ ತಮ್ಮ ನೌಕರರೊಬ್ಬರು ಬೈಕಿನಲ್ಲಿ ಬಂದರು. ತಂದಿದ್ದ ಮೈದಾ ಅಂಟು ದಾರಿಯಲ್ಲೇ ಒಣಗಿತ್ತು. ಡಬ್ಬಿ ಹಿಡಿದು ಸಂಕೋಚದಿಂದ ಕೇಳಿದರು: "ಅಮ್ಮಾ, ಅಂಟು ಗಟ್ಟಿಯಾಗ್ಬುಟ್ಟದೆ. ಚೂರು ನೀರ್ ಕೊಡ್ತೀರಾ?"

ಮಹಮೂದಾ ಅದೇ ಮಡಕೆಯಿಂದ ಲೋಟ ತುಂಬಿಸಿದರು. "ಮೊದ್ಲು ನೀನ್ ಕುಡಿಯಪ್ಪ. ಬಿಸ್ಲಲ್ಲಿ ಬಂದಿದ್ದೀಯ. ಆಮೇಲ್ ಕಲಸ್ಕೊಳೀವಂತೆ."

ಕುಡಿದರು. ಇನ್ನೊಂದು ಲೋಟ ಕೇಳಿ ಪಡೆದರು. ಆಮೇಲೆ ಅಂಟು ಕಲಸಿ, ನಮ್ಮ ಮುಖ ನೋಡದೆ ನೋಟಿಸು ಅಂಟಿಸಿ ಹೋದರು. ದಯವಿಟ್ಟು ಅವರನ್ನು ಗದರಬೇಡಿ. ನೋಟಿಸು ಭದ್ರವಾಗಿ ಕೂತಿದೆ.

ಕಲ್ಲಿನ ಸುತ್ತ ಬೇಲಿ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ. ಜಗಲಿಯನ್ನೂ ನೆರಳನ್ನೂ ಬಿಟ್ಟುಕೊಡಿ. ಅಲ್ಲಿಯವರೆಗೆ ಮಡಕೆ ತೆಗೆಯುವುದಿಲ್ಲ. ತಾವೇ ಬಂದು ತೆಗೆಸುವುದಾದರೆ ಜೀಪು ಬೇಡ, ಮಧ್ಯಾಹ್ನದ ಬಸ್ಸಿಗೆ ಬನ್ನಿ. ಇಳಿದ ಮೇಲೆ ಮೊದಲು ಏನು ಬೇಕೆನ್ನಿಸುತ್ತದೋ ಅದನ್ನು ಕೇಳಿ. ಕೊಡುತ್ತೇವೆ.

ಇಂತಿ,
ತಮ್ಮ ನೋಟಿಸಿನಲ್ಲಿ ಕಾಣಿಸಿದ ಎರಡನೆಯ ಅತಿಕ್ರಮಣಕಾರ್ತಿ,
ಶಶಿರೇಖಾ
(ಒಂದನೆಯವರು ಮಡಕೆ ತುಂಬಿಸುತ್ತಿದ್ದಾರೆ, ಸಹಿಗೆ ಬಿಡುವಿಲ್ಲ.)