ಮೂರನೇ ಒಂದು ಪಾಲು

ಆಸ್ಪತ್ರೆಯ ಕಂಪ್ಯೂಟರ್ ಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ಒಂದೇ ಮನೆಯಲ್ಲಿ ಉಂಡು, ಒಂದೇ ಆಸ್ಪತ್ರೆಯಲ್ಲಿ ದುಡಿಯುವ ನಾದಿನಿ ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಅಂದುಕೊಳ್ಳಬೇಡಿ. ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ಲ್ಯಾಬಿನವರು ಕಳಿಸಿದ ಆ ಸಂದೇಶ ನಿಮ್ಮ ವಾರ್ಡಿನ ಪರದೆಗೆ ಪೂರ್ತಿ ಬರಲೇ ಇಲ್ಲ. ವಿಚಾರಣೆಯಲ್ಲಿ ನೀವು ಹೇಳಿದ್ದು ನಿಜ. ತಪ್ಪು ನನ್ನದು.

ಲ್ಯಾಬಿನಿಂದ ವಾರ್ಡಿಗೆ ಸಂದೇಶ ಸಾಗಿಸುವ ಪ್ರೋಗ್ರಾಂ ಓಬೀರಾಯನ ಕಾಲದ್ದು. ಅದಕ್ಕೆ ಇಂಗ್ಲಿಷ್ ಬಿಟ್ಟರೆ ಬೇರೆ ಅಕ್ಷರ ಗೊತ್ತಿರಲಿಲ್ಲ. ನಮ್ಮ ಭಾಷೆಯಲ್ಲೂ ಬರೆಯುವ ಹಾಗೆ ಮಾಡಿಕೊಡಿ ಎಂದು ಲ್ಯಾಬಿನ ಅಕ್ಕ ಕೇಳಿದ್ದರು. ಕೆಲಸ ನನ್ನ ಪಾಲಿಗೆ ಬಂತು, ಕುಣಿದುಕೊಂಡು ಒಪ್ಪಿದೆ. ತಂತಿಯಲ್ಲಿ ಹೋಗುವುದು ಅಕ್ಷರವಲ್ಲ ಅತ್ತಿಗೆ, ಬೈಟು, ಅಂದರೆ ಯಂತ್ರದ ಲೆಕ್ಕದ ತುಣುಕು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ನಮ್ಮದಕ್ಕೆ ಮೂರಾದರೂ ಬೇಕು. ಎಷ್ಟು ಬೈಟು ಬರುತ್ತದೆ ಎಂದು ಮೊದಲೇ ಹೇಳಿ ಕಳಿಸಬೇಕು, ಆ ಕಡೆಯ ಯಂತ್ರ ಅಷ್ಟನ್ನು ಓದಿ ನಿಲ್ಲಿಸುತ್ತದೆ. ನಾನು ಬೈಟು ಎಣಿಸುವ ಬದಲು ಅಕ್ಷರ ಎಣಿಸಿ ಕಳಿಸಿದೆ. ಮೂರನೇ ಒಂದು ಪಾಲು ತಲುಪಿತು, ಉಳಿದದ್ದು ಗಾಳಿಗೆ ಹೋಯಿತು.

ಪರೀಕ್ಷೆ ಮಾಡಲಿಲ್ಲವೇ ಎಂದು ಕೇಳುತ್ತೀರಿ. ಮಾಡಿದೆ, ಇಂಗ್ಲಿಷಿನಲ್ಲಿ. ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲಿ ಒಂದೇ ಒಂದು ಸಾಲು ಹಾಕಿ ನೋಡಲಿಲ್ಲ. ಕೀಲಿಮಣೆ ಬದಲಿಸಲು ಸೋಮಾರಿತನ. ಥೂ, ನನ್ನ ಬುದ್ಧಿಗಿಷ್ಟು.

ಹಾಗಾಗಿ ನಿಮ್ಮ ವಾರ್ಡಿನಲ್ಲಿದ್ದ ಆ ದರ್ಜಿಯ ರಕ್ತದ ವರದಿ ಬಂದಿದೆ ಎಂಬುದಷ್ಟೇ ನಿಮಗೆ ಕಂಡಿತು. ಮೂತ್ರಪಿಂಡ ಸೋಲುತ್ತಿದೆ, ಇಂಜೆಕ್ಷನ್ ನಿಲ್ಲಿಸಿ, ತಕ್ಷಣ ಡಾಕ್ಟರಿಗೆ ತಿಳಿಸಿ ಎಂಬ ಮಾತು ಬರಲಿಲ್ಲ. ನೀವು ಇಂಜೆಕ್ಷನ್ ಕೊಟ್ಟಿರಿ. ಆತ ಬದುಕಿ ಉಳಿದದ್ದು ನನ್ನ ಪುಣ್ಯ.

ಮಾರನೆಯ ಬೆಳಿಗ್ಗೆಯೇ ತಪ್ಪು ನನ್ನ ಕಣ್ಣಿಗೆ ಬಿತ್ತು. ಯಾರಿಗೂ ಹೇಳದೆ ಪ್ರೋಗ್ರಾಂನ ಆ ಸಾಲನ್ನು ತಿದ್ದಿದೆ. ಆಮೇಲೆ ವಿಚಾರಣೆಯಲ್ಲಿ ಸಂದೇಶ ಅರ್ಧಕ್ಕೆ ನಿಲ್ಲುವುದುಂಟೇ ಎಂದು ಕೇಳಿದರು. ಕಳಿಸಿದ್ದು ಕಳಿಸಿದ ಹಾಗೇ ತಲುಪುತ್ತೆ ಸರ್, ಅಂದೆ. ನೀವು ಎದುರು ಕುರ್ಚಿಯಲ್ಲೇ ಇದ್ದಿರಿ. ನಿಮ್ಮನ್ನು ಅಮಾನತು ಮಾಡಿದರು. ರಾತ್ರಿ ಊಟಕ್ಕೆ ಕೂತಾಗ ಅಣ್ಣ, ಒಂದ್ಸಲ ನೆಟ್ಟಗೆ ಓದಬಾರದಿತ್ತಾ ಅಂತ ನಿಮಗೇ ಅಂದ. ನೀವು ಅವನ ತಟ್ಟೆಗೆ ಸಾರು ಬಡಿಸಿದಿರಿ. ನಾನು ತಟ್ಟೆಯೊಳಗೆ ಮುಖ ಇಟ್ಟುಕೊಂಡು ಉಂಡೆ.

ನಾಳೆ ನಿಮ್ಮ ಕೆಲಸ ಉಳಿಯುತ್ತದೋ ಹೋಗುತ್ತದೋ ತೀರ್ಮಾನವಾಗುತ್ತದೆ. ಒಂದು ಬೇಡಿಕೆ ಇದೆ, ಸಿಟ್ಟಾಗಬೇಡಿ. ಶನಿವಾರ ನನ್ನ ಕೆಲಸ ಕಾಯಂ ಆಗುವುದಿದೆ. ಈಗಲೇ ಗೊತ್ತಾದರೆ ನನ್ನನ್ನು ಹೊರಗೆ ಹಾಕುತ್ತಾರೆ. ಹುಷಾರಿಲ್ಲವೆಂದು ಹೇಳಿ ನಾಳೆಯ ವಿಚಾರಣೆಯನ್ನು ನಾಲ್ಕು ದಿನ ಮುಂದೆ ಹಾಕಿಸಿ. ಆಮೇಲೆ ನಾನೇ ಎಲ್ಲ ಹೇಳುತ್ತೇನೆ. ನೀವು ಹಳಬರು, ನಿಮ್ಮ ಮೇಲೆ ಎಲ್ಲರಿಗೂ ಗೌರವವಿದೆ, ತಡೆದುಕೊಳ್ಳುತ್ತೀರಿ. ಅಣ್ಣನಿಗೆ ಸದ್ಯಕ್ಕೆ ತಿಳಿಯುವುದು ಬೇಡ.

ಕ್ಷಮೆ ಕೇಳಲೂ ಮುಖವಿಲ್ಲದ,
ನಿಮ್ಮ ಪುಟ್ಟಿ

ತಾ.ಕ.: ಕಾಗದ ಮಡಚಿಟ್ಟು ಟೀ ಕುಡಿಯಲು ಹೋದರೆ ಲ್ಯಾಬಿನ ಅಕ್ಕ ಸಿಕ್ಕರು. ಇಂಜೆಕ್ಷನ್ ಕೊಟ್ಟ ದಿನದ ಸಂಜೆಯೇ ನೀವು ಅವರ ಕೈಲಿ ಇಂಗ್ಲಿಷಿನಲ್ಲೊಂದು, ನಮ್ಮ ಭಾಷೆಯಲ್ಲೊಂದು ಉದ್ದನೆಯ ಸಂದೇಶ ವಾರ್ಡಿಗೆ ಹಾಕಿಸಿ ನೋಡಿದಿರಂತೆ. ನಮ್ಮ ಭಾಷೆಯದು ಮಾತ್ರ ಮುರಿಯುತ್ತಿದೆ ಎಂದು ನಿಮಗೆ ಆಗಲೇ ಗೊತ್ತಾಯಿತಂತೆ. ಯಾರಿಗೂ ಹೇಳ್ಬೇಡಿ, ನಮ್ಮ ಪುಟ್ಟಿನೇ ಬಂದು ಹೇಳ್ತಾಳೆ, ಅಂದಿರಂತೆ. ಅತ್ತಿಗೆ, ಹಳೆಯ ಸಾಲು, ತಿದ್ದಿದ ಸಾಲು ಎರಡನ್ನೂ ಅಚ್ಚು ಹಾಕಿ ಈಗಷ್ಟೇ ಮುಖ್ಯ ಡಾಕ್ಟರ ಮೇಜಿನ ಮೇಲಿಟ್ಟು, ಸುಳ್ಳು ಹೇಳಿದವಳು ನಾನೇ ಎಂದು ಹೇಳಿ ಬಂದೆ. ಮೇಲೆ ನಾಲ್ಕು ದಿನದ ಗಡುವು ಕೇಳಿದ ಮಾತನ್ನು ಮಾತ್ರ ಹೊಡೆದುಹಾಕಿಲ್ಲ. ಇಷ್ಟು ದಿನ ಎಂಥವಳಿಗಾಗಿ ಕಾದಿರಿ ಎಂಬುದು ನಿಮಗೆ ತಿಳಿಯಲಿ.