ಕದದ ಒಳಗಿನಿಂದ ಯಶಿಕಾಳಿಗೆ

ಕಡಲೇರಿದ ನೂರ ಹದಿನೆಂಟನೆಯ ವರ್ಷ,
ಎರಡನೆಯ ಗಾಳಿತಿಂಗಳು, ಬಾಗಿಲ ಹಬ್ಬದ ಮಾರನೆಯ ದಿನ.
ಕಡಲವರ ಕೇರಿ, ಜೋಗಿಮಟ್ಟಿ ತಪ್ಪಲು.

ಚಿರಂಜೀವಿ ಯಶಿಕಾಳಿಗೆ ತಾರಾಮತಿ ಹರಿಕಂತ್ರಳ ಆಶೀರ್ವಾದ.

ಮೇಲಿನ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ಸಮುದ್ರ ನಮ್ಮ ಊರುಗಳೊಳಗೆ ಬಂದು, ಹಿಂದಕ್ಕೆ ಹೋಗದೆ ಕೂತ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಅದನ್ನೇ ಕಡಲೇರು ಎನ್ನುತ್ತೇವೆ. ನಿನಗೆ ತಿಳಿಯದ ಇಂಥ ಮಾತುಗಳು ಇನ್ನೂ ಕೆಲವು ಬರುತ್ತವೆ, ಕ್ಷಮಿಸು. ಬಂದಲ್ಲಿ ಅರ್ಥ ಹೇಳುತ್ತೇನೆ. ಹತ್ತನೆಯ ತರಗತಿಯವರೆಗೆ ಓದಿದವಳು ನಾನು, ಅರ್ಥವಾಗದಂತೆ ಬರೆಯುವುದು ನನಗೆ ಇಷ್ಟವಿಲ್ಲ.

ನೀನು ನನ್ನ ಅಜ್ಜಿಯ ತಾಯಿ. ನ್ಯಾಯವಾಗಿ ನಾನೇ ನಿನಗೆ ನಮಸ್ಕಾರ ಬರೆಯಬೇಕು. ಆದರೆ ಈ ಕಾಗದ ಮುಟ್ಟುವ ದಿನ ನಿನಗೆ ಹನ್ನೆರಡು ವರ್ಷ, ನನಗೆ ಅರವತ್ತೆಂಟು. ಹನ್ನೆರಡು ವರ್ಷದ ಹುಡುಗಿಗೆ ನಮಸ್ಕಾರ ಬರೆದು ಅಭ್ಯಾಸವಿಲ್ಲ. ಆಶೀರ್ವಾದವನ್ನೇ ತೆಗೆದುಕೋ, ನೆಟ್ಟಗೆ ಕೂತು ಓದು. ನಮ್ಮ ಶಾಲೆಯಲ್ಲಿ ಹಿಂದಂಚೆ ಎಂಬ ಪೆಟ್ಟಿಗೆ ಇಟ್ಟಿದ್ದಾರೆ. ಅದಕ್ಕೆ ಹಾಕಿದ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದಂತೆ, ಉತ್ತರ ಮಾತ್ರ ಬರುವುದಿಲ್ಲ. ಉತ್ತರ ಬಾರದ ಮೇಲೆ ಹೋಯಿತೆಂದು ನಿಮಗೆ ಹೇಗೆ ಗೊತ್ತು ಎಂದು ಮೇಷ್ಟರನ್ನು ಕೇಳಿದೆ. ಅವರು ನಕ್ಕರು. ನಾನು ನಗಲಿಲ್ಲ.

ನಾವಿರುವುದು ಘಟ್ಟದ ಮೇಲೆ, ಬಂಡೆಗಳ ನಾಡಿನಲ್ಲಿ. ಗುಡ್ಡದ ತುಂಬ ಗಾಳಿಗಿರಣಿಗಳು. ವರ್ಷದಲ್ಲಿ ಮೂರು ತಿಂಗಳು ಗಾಳಿ ಬಿಡದೆ ಬೀಸುತ್ತದೆ, ಆಗ ಕರೆಂಟಿಗೆ ಮಿತಿಯಿಲ್ಲ. ಅವೇ ಗಾಳಿತಿಂಗಳುಗಳು. ಮದುವೆ, ಹಬ್ಬ, ಹಿಟ್ಟು ಬೀಸುವುದು, ಕಂಬಳಿ ಒಗೆಯುವುದು ಎಲ್ಲವನ್ನೂ ಆ ತಿಂಗಳುಗಳಿಗೇ ಕಾಯ್ದಿಡುತ್ತೇವೆ. ಬೀದಿಗಳ ಮೇಲೆ ಬಿಸಿಲಿನಿಂದ ಕರೆಂಟು ತೆಗೆಯುವ ಬಿಸಿಲುಹಲಗೆಗಳ ಮಾಡು ಹೊದಿಸಿದ್ದಾರೆ. ಅದರಡಿ ನಡೆದರೆ ಮಧ್ಯಾಹ್ನವೂ ಕಾಲು ಸುಡುವುದಿಲ್ಲ. ಪಾತ್ರೆ ತೊಳೆದ ನೀರು ಬಚ್ಚಲಿಗೆ, ಬಚ್ಚಲಿನ ನೀರು ಬಸಳೆಗೆ. ಇದಕ್ಕೆ ಮರುನೀರು ಎನ್ನುತ್ತೇವೆ. ಮರುನೀರು ಚೆಲ್ಲಿದ ಸೊಸೆಯನ್ನು ನಾನು ಒಂದು ದಿನ ಮಾತಾಡಿಸುವುದಿಲ್ಲ. ಮೀನು ಕೆರೆಯದು, ಮಣ್ಣಿನ ವಾಸನೆ. ನೀನು ಇವತ್ತು ತಿಂದಿರಬಹುದಾದ ಬಂಗುಡೆಯ ರುಚಿ ಹೇಗೆಂದು ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಆದರೂ ಕೆರೆಮೀನಿನ ಸಾರಿಗೆ ನಿಮ್ಮ ಕಡಲೂರಿನ ಮಸಾಲೆ ಜುಮ್ಮನಕಾಯಿ ಹಾಕದೆ ನಮ್ಮ ಮನೆಯಲ್ಲಿ ಪಾತ್ರೆ ಇಳಿಸುವುದಿಲ್ಲ. ಮಕ್ಕಳಿಗೆ ಮಾತು ಬಂದ ಕೂಡಲೆ ನಾನೊಂದು ಪಾಠ ಕಲಿಸುತ್ತೇನೆ. ಯಾರಾದರೂ ಯಾವ ಊರು ಎಂದರೆ ಜೋಗಿಮಟ್ಟಿ ಎನ್ನಬಾರದು. ಕಾಸರಕೋಡು, ಹೊನ್ನಾವರ ತಾಲೂಕು. ಊರು ನೀರಿನಡಿ ಇದ್ದರೂ ನಮ್ಮದೇ. ಹೇಳುವಾಗ ತಡವರಿಸಿದರೆ ಆ ದಿನ ಊಟವೂ ತಡವಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೊನ್ನಾವರದ ಪುಸ್ತಕದಂಗಡಿಯ ಮುಂದೆ ಮಳೆಯಲ್ಲಿ ಸಾಲು ನಿಂತು ‘ಒಂಬತ್ತು ಬಾಗಿಲು’ ಕತೆಯ ಕೊನೆಯ ಪುಸ್ತಕ ಕೊಂಡೆ, ಮನೆಗೆ ಬರುವಷ್ಟರಲ್ಲಿ ದಾರಿಯಲ್ಲೇ ಅರ್ಧ ಓದಿದ್ದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಈ ಕಾಗದವನ್ನು ಆ ದಿನಕ್ಕೇ ಕಳಿಸುತ್ತಿದ್ದೇನೆ. ಪುಸ್ತಕ ಬದಿಗಿಡು.

ಆ ಪುಸ್ತಕ ಸಾಯಲಿಲ್ಲ, ಯಶಿಕಾ. ನಿನ್ನ ಕಾಲದ ಬೇರೆ ಪುಸ್ತಕಗಳ ಹೆಸರು ನನಗೊಂದೂ ಗೊತ್ತಿಲ್ಲ. ಇದು ಮಾತ್ರ ಸಿನಿಮಾ ಆಯಿತು, ಆಟವಾಯಿತು, ಅಂಗಿಯ ಮೇಲೆ ಬಂತು, ರೊಟ್ಟಿಯ ಪೊಟ್ಟಣದ ಮೇಲೆ ಬಂತು. ಯಾರಿಗೂ ಬೇಡವಾದ ಆ ಹುಡುಗಿ ಮಿಣುಕಿ, ಕೈಯಲ್ಲಿ ಮಿಂಚುಹುಳದ ದೀಪ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುತ್ತಾಳಲ್ಲ, ಅವಳ ಚಿತ್ರ ಈಗ ಗಾಳಿಗಿರಣಿಯ ರೆಕ್ಕೆಯ ಮೇಲೂ ಇದೆ. ಬೆಳಿಗ್ಗೆ ಕಿಟಕಿ ತೆರೆದರೆ ಗುಡ್ಡದ ಮೇಲೆ ಅವಳೇ ತಿರುಗುತ್ತಿರುತ್ತಾಳೆ.

ಅದನ್ನು ಬರೆದವನ ಹೆಸರು ನಾನು ಬರೆಯುವುದಿಲ್ಲ. ನಿನ್ನ ಕೈಯಲ್ಲಿರುವ ಪುಸ್ತಕದ ಮೇಲೆ ಅದು ಚಿನ್ನದ ಬಣ್ಣದಲ್ಲಿದೆ, ನೋಡಿಕೋ. ಸಮುದ್ರ ಏರಿದ ವರ್ಷ ಅವನು ಮುದುಕನಾಗಿದ್ದ, ಘಟ್ಟದ ಮೇಲಿದ್ದ. ಕೆಳಗಿನ ಜನ ಗಂಟುಮೂಟೆ ಹೊತ್ತು ಘಟ್ಟ ಹತ್ತುತ್ತಿದ್ದಾಗ ಮೇಲಿನ ಊರುಗಳವರು ಒಂದು ಸಭೆ ಸೇರಿಸಿದರು. ಅವನು ಎದ್ದು ನಿಂತು ಹೇಳಿದ: “ಕಡಲಿನವರ ಮೇಲೆ ನನಗೆ ಕನಿಕರವಿದೆ. ಆದರೆ ಘಟ್ಟದ ಗೇಟು ಹಾಕಿಡಿ. ಇವರು ಒಳಗೆ ಬಂದರೆ ನಮ್ಮ ಊರು ನಮ್ಮದಾಗಿ ಉಳಿಯುವುದಿಲ್ಲ.” ಎಲ್ಲರೂ ಚಪ್ಪಾಳೆ ತಟ್ಟಿದರು. ಗೇಟು ಹಾಕಿದರು. ಬಂದವರನ್ನೆಲ್ಲ ಯಾವ ಊರು ಎಂದು ಕೇಳುವುದು, ಕಡಲಿನ ಊರು ಹೇಳಿದವರನ್ನು ಕೆಳಗಿನ ಶೆಡ್ಡುಗಳಿಗೆ ತಳ್ಳುವುದು. ಆ ಮಳೆಗಾಲ ಶೆಡ್ಡುಗಳಲ್ಲಿ ಜ್ವರ ಬಂತು. ಸತ್ತವರಲ್ಲಿ ಮಕ್ಕಳೇ ಹೆಚ್ಚು. ಬಾಗಿಲು ಯಾರಿಗೂ ಮುಚ್ಚಬಾರದೆಂದು ಒಂಬತ್ತು ಪುಸ್ತಕ ಬರೆದವನು ಸಾಯುವವರೆಗೆ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಜನ ಸುಮ್ಮನಿದ್ದರು ಎಂದುಕೊಳ್ಳಬೇಡ. ಕೆಲವರು ಪುಸ್ತಕ ಸುಟ್ಟರು; ಹೊಸದು ಅಚ್ಚಾಯಿತು. ಕೆಲವರು ಅವನ ಹೆಸರು ತೆಗೆಯಿರಿ ಎಂದರು, ತೆಗೆದರು. ಅದರಿಂದ ಅವನಿಗೇ ಅನುಕೂಲವಾಯಿತು. ಬೈಯಲೂ ಹೆಸರಿಲ್ಲ, ಕತೆ ಮಾತ್ರ ಇದೆ. ನನ್ನ ತಾಯಿ ಹರೆಯದಲ್ಲಿ ಥಿಯೇಟರ್ ಮುಂದೆ ಫಲಕ ಹಿಡಿದು ನಿಂತಿದ್ದಳು. ಜೋರು ಮಳೆ ಬಂತು. ಧಿಕ್ಕಾರ ಕೂಗಲು ಬಂದವರೆಲ್ಲ ನೆನೆಯುವುದು ಬೇಡವೆಂದು ಒಳಗೆ ಹೋದರು. ಹೋದವರು ಸಿನಿಮಾ ಮುಗಿದ ಮೇಲೇ ಹೊರಗೆ ಬಂದದ್ದು. ಒಬ್ಬಳಂತೂ ಕಣ್ಣೊರೆಸಿಕೊಳ್ಳುತ್ತ ಬಂದು, “ಕತೆ ಮಾತ್ರ ಚಲೋ ಉಂಟು ಮಾರಾಯ್ತಿ, ಏನೇ ಹೇಳು,” ಎಂದಳಂತೆ. ನನ್ನ ತಾಯಿ ಒದ್ದೆಯಾಗಿ ಒಬ್ಬಳೇ ಮನೆಗೆ ಬಂದಳು. ಆ ಪುಸ್ತಕ ನಮ್ಮ ಹೊಸ್ತಿಲು ದಾಟಬಾರದು ಎಂದು ಆ ದಿನ ಹೇಳಿದ್ದನ್ನು ನಾನು ಇಂದಿಗೂ ನಡೆಸಿಕೊಂಡು ಬಂದಿದ್ದೇನೆ.

ಆದರೆ ಅದು ಹಬ್ಬವಾಗಿ ಬಂತು. ಹಬ್ಬವನ್ನು ಹೊಸ್ತಿಲ ಆಚೆ ನಿಲ್ಲಿಸುವುದು ಹೇಗೆ? ಒಂಬತ್ತು ತುಂಬಿದ ಮಗುವನ್ನು ಬಾಗಿಲ ಹಬ್ಬದ ಬೆಳಿಗ್ಗೆ ಮನೆಯ ಹೊರಗೆ ನಿಲ್ಲಿಸುತ್ತಾರೆ. ಮನೆಯ ಹಿರಿಯಳು ಒಳಗಿನಿಂದ ಕದ ಹಾಕುತ್ತಾಳೆ. ಮಗು ಮೂರು ಸಲ ತಟ್ಟಬೇಕು. ಯಾರು, ಯಾವ ಊರು ಎಂದು ಹಿರಿಯಳು ಕೇಳಬೇಕು. ಮಗು ಮಿಣುಕಿಯ ಮಾತು ಹೇಳಬೇಕು: “ಬಾಗಿಲು ಊರು ಕೇಳುವುದಿಲ್ಲ, ತಟ್ಟಿದ ಕೈ ನೋಡುತ್ತದೆ.” ಆಗ ಕದ ತೆರೆದು, ಬಾಯಿಗೆ ಬೆಲ್ಲವಿಟ್ಟು, ಕೈಗೆ ದೀಪ ಕೊಡುತ್ತಾರೆ. ಅಕಸ್ಮಾತ್ ಊರಿನ ಹೆಸರು ಹೇಳಿದರೆ ಬಾಗಿಲು ಕಲ್ಲಾಯಿತು, ಇನ್ನು ತೆರೆಯಬಾರದು ಎಂದರ್ಥ. ಪುಸ್ತಕದಲ್ಲಿ ಹಾಗೇ ಇದೆಯಂತೆ. ಕದ ತೆರೆದವಳು ಆ ಮಗುವಿಗೆ ಬಾಗಿಲವ್ವ. ಜೀವನಪೂರ್ತಿ ಹಬ್ಬದ ಮೊದಲ ಊಟ ಅವಳ ಮನೆಯಲ್ಲಿ, ಮದುವೆಯಲ್ಲಿ ಮೊದಲ ಮಣೆ ಅವಳಿಗೆ.

ನನ್ನ ಮಗ ಉದಧಿ, ತನಗೆ ಒಂಬತ್ತು ತುಂಬಿದಾಗ, ಯಾರ ಮಾತೂ ಕೇಳದೆ ಹೊರಗೆ ಹೋಗಿ ನಿಂತು ತಟ್ಟಿದ. ಹಿತ್ತಲ ಕಡೆಯಿಂದ ಬಾ ಎಂದೆ. ಮತ್ತೆ ತಟ್ಟಿದ. ನಾನು ತೆರೆಯಲಿಲ್ಲ. ಎದುರುಮನೆಯ ತಿಪ್ಪಕ್ಕ, ಈ ನೆಲದವಳೇ, ತನ್ನ ಕದ ತೆರೆದು, “ಬಾರೋ ಕೂಸೇ, ಬಾಗ್ಲು ಯಾವ್ದಾದ್ರೇನು,” ಎಂದು ಕರೆದಳು. ಅವನು ಹೋದ. ಅಂದಿನಿಂದ ಹಬ್ಬದ ದಿನ ನನ್ನ ಮಗ ಅವಳ ಮನೆಯಲ್ಲಿ ಉಣ್ಣುತ್ತಾನೆ. ಅವನ ಮದುವೆಯಲ್ಲಿ ಮೊದಲ ಮಣೆಯ ಮೇಲೆ ತಿಪ್ಪಕ್ಕ ಕೂತಳು, ಎರಡನೆಯದರ ಮೇಲೆ ನಾನು. ತಪ್ಪು ಮಾಡಿದೆನೆಂದು ಇದನ್ನು ಬರೆಯುತ್ತಿಲ್ಲ. ನಡೆದದ್ದು ಹೇಳುತ್ತಿದ್ದೇನೆ.

ಈ ವರ್ಷ ಉದಧಿಯ ಮಗಳು ವೇಲಾಳಿಗೆ ಒಂಬತ್ತು ತುಂಬಿತು. ಗಾಳಿತಿಂಗಳು ಶುರುವಾದ ದಿನವೇ ಉದಧಿ ಬಂದು ನನ್ನೆದುರು ಕೂತ.

“ಆಯಿ, ನೀನೇ ತೆಗೀಬೇಕು ಅಂತ ಹೇಳೂದಿಲ್ಲ. ತೆಗೀದಿದ್ರೆ ತಿಪ್ಪಕ್ಕ ತೆಗೀತಾಳೆ. ಅಷ್ಟೇ.”

“ಹೆದರಿಸ್ತೀಯನೋ?”

“ಇಲ್ಲ ಆಯಿ. ಯಾವ ಕದದ ಮುಂದೆ ನಿಲ್ಲಿಸ್ಬೇಕು ಅಂತ ಕೇಳ್ತಾ ಇದ್ದೇನೆ.”

ಆ ಮುದುಕಿಗೆ ನನ್ನ ಮೊಮ್ಮಗಳನ್ನೂ ಬಿಟ್ಟುಕೊಡುವುದು ನನ್ನಿಂದಾಗಲಿಲ್ಲ. ಆದರೆ ತಟ್ಟುವ ಮೊದಲು ಮಗುವಿಗೆ ಎಲ್ಲ ತಿಳಿದಿರಲಿ ಎಂದು ವೇಲಾಳನ್ನು ಕೂರಿಸಿ ಗೇಟು, ಶೆಡ್ಡು, ಜ್ವರ, ಆ ಮನುಷ್ಯ ಸಭೆಯಲ್ಲಿ ಆಡಿದ ಮಾತು ಎಲ್ಲವನ್ನೂ ಹೇಳಿದೆ. ಅವಳು ಕಾಲು ಆಡಿಸುತ್ತ ಕೇಳಿದಳು.

“ಗೊತ್ತುಂಟು ಅಜ್ಜಿ. ಶಾಲೇಲಿ ಹೇಳಿದ್ದಾರೆ.”

“ಗೊತ್ತುಂಟಾ? ಗೊತ್ತಿದ್ದೂ...”

“ಹೂಂ. ಬೆಲ್ಲ ಯಾವ್ದು ಕೊಡ್ತೆ? ಕಪ್ಪನದ್ದು ಕೊಡು, ಹಳದಿ ಬೇಡ.”

ನನ್ನ ಬಳಿ ಉಳಿದಿದ್ದದ್ದು ಅದೊಂದೇ ಆಯುಧ. ಇವರಿಗೆ ಗೊತ್ತಾದರೆ ಸಾಕು, ಬಿಟ್ಟುಬಿಡುತ್ತಾರೆ ಎಂದು ನನ್ನ ತಾಯಿಯೂ ನಾನೂ ನಂಬಿಕೊಂಡು ಬಂದಿದ್ದೆವು. ಗೊತ್ತಿದೆ, ಎಲ್ಲರಿಗೂ ಗೊತ್ತಿದೆ. ಪಾಠದಲ್ಲಿದೆ, ಪರೀಕ್ಷೆಗೂ ಕೇಳುತ್ತಾರಂತೆ.

ನಿನ್ನೆ ಬೆಳಿಗ್ಗೆ ಕದ ಹಾಕಿ ಒಳಗೆ ನಿಂತೆ. ಹೊರಗೆ ಕೇರಿಯೆಲ್ಲ ಸೇರಿದ್ದು ಸದ್ದಿನಿಂದಲೇ ತಿಳಿಯುತ್ತಿತ್ತು. ಮುದುಕಿ ಇವತ್ತು ಏನು ಮಾಡುತ್ತಾಳೋ ನೋಡೋಣವೆಂದು ಬಂದವರೇ ಹೆಚ್ಚು. ಮೂರು ಸಲ ತಟ್ಟಿದ್ದು ಕೇಳಿಸಿತು. ಕೈ ಚಿಕ್ಕದು, ಸದ್ದೂ ಚಿಕ್ಕದು. ಮುಗಿಸಿಬಿಡೋಣವೆಂದು ಗಟ್ಟಿಯಾಗಿ ಕೇಳಿದೆ: “ಯಾರು? ಯಾವ ಊರು?”

“ವೇಲಾ. ಕಾಸರಕೋಡು, ಹೊನ್ನಾವರ ತಾಲೂಕು!”

ಒಂಚೂರೂ ತಡವರಿಸಲಿಲ್ಲ, ನಾನು ಕಲಿಸಿದ ಹಾಗೇ ಹೇಳಿದಳು. ಹೊರಗೆ ಮಕ್ಕಳು “ಕಲ್ಲಾಯ್ತು! ಕಲ್ಲಾಯ್ತು!” ಎಂದು ಕುಣಿಯತೊಡಗಿದರು.

ಯಶಿಕಾ, ನನ್ನ ಕೈ ಅಗಳಿಯ ಮೇಲಿತ್ತು. ಘಟ್ಟದ ಗೇಟಿನಲ್ಲಿ ಕೇಳಿದ್ದು ಅದೇ ಪ್ರಶ್ನೆ. ನಮ್ಮವರು ಕೊಟ್ಟದ್ದು ಅದೇ ಉತ್ತರ. ಅಂದು ನೀನು ಹೊರಗಿದ್ದೆ. ನಿನ್ನೆ ನಾನು ಒಳಗಿದ್ದೆ, ಕಾವಲಿನವನು ನಿಂತಿದ್ದ ಜಾಗದಲ್ಲಿ. ಮುಂದೆ ಯೋಚಿಸಲು ಆಗಲಿಲ್ಲ. ಕದ ತೆರೆದೆ.

ತೆರೆದರೆ ಮಗು ಅಳುತ್ತಿತ್ತು. ನಾನು ತೆರೆದದ್ದು ಅವಳಿಗೆ ಬೇಕಾಗಿರಲಿಲ್ಲ, ಸರಿಯಾಗಿ ತೆರೆಯಬೇಕಿತ್ತು. “ನೀ ಹಂಗೆ ಗಟ್ಟಿ ಕೇಳಿದ್ರೆ ನಂಗೆ ಅದೇ ಬತ್ತದೆ ಅಜ್ಜಿ! ಇದು ಲೆಕ್ಕಕ್ಕಿಲ್ಲ. ಮತ್ತೆ ಹಾಕು. ಮೆತ್ತಗೆ ಕೇಳು!”

ತಿಪ್ಪಕ್ಕ ಕೋಲೂರಿಕೊಂಡು ಮುಂದೆ ನಿಂತಿದ್ದಳು. “ಇನ್ನೊಂದ್ ಸರ್ತಿ ತಟ್ಲಿ ಬಿಡ್ರಲೇ,” ಎಂದು ಮಕ್ಕಳನ್ನು ಗದರಿದಳು. ಆಮೇಲೆ ನನಗೆ, “ಹಾಕ್ ತಾಯಿ ಕದಾನ. ನಾನೇನ್ ನನ್ ಕದ ತೆಗ್ಯಾಕಿಲ್ಲ, ಹೆದ್ರಬ್ಯಾಡ,” ಎಂದಳು.

ಹಾಕಿದೆ. ಅವಳು ತಟ್ಟಿದಳು. ಮೆತ್ತಗೆ ಕೇಳಿದೆ, ಅಷ್ಟು ಮೆತ್ತಗಿನ ದನಿ ನನ್ನಲ್ಲಿದೆಯೆಂದು ನನಗೇ ತಿಳಿದಿರಲಿಲ್ಲ. ನನ್ನ ಮೊಮ್ಮಗಳು ಅವನು ಬರೆದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ತೆರೆದೆ. ಕಪ್ಪು ಬೆಲ್ಲ ಬಾಯಿಗಿಟ್ಟೆ. ಅವಳ ಕೆನ್ನೆ ಇನ್ನೂ ಒದ್ದೆಯಿತ್ತು, ಆದರೆ ನಗುತ್ತಿದ್ದಳು. ಇಡೀ ಕೇರಿ ಚಪ್ಪಾಳೆ ತಟ್ಟಿತು. ಅಂದಿನ ಸಭೆಯಲ್ಲೂ ಹೀಗೇ ತಟ್ಟಿರಬೇಕು ಎನಿಸಿತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೂ, ಗೊತ್ತುಂಟು ಅಜ್ಜಿ ಎನ್ನುತ್ತಿದ್ದರು.

ಈಗ ಒಂದು ಮಾತು ಕೇಳುವುದಿದೆ. ನೀನು ಗೇಟು ದಾಟಿದ್ದು ಹೇಗೆಂದು ನಮ್ಮಲ್ಲಿ ಎರಡು ಕತೆಗಳಿವೆ. ಗೇಟು ಹಾಕಿಸಿದವನು ಅವನೇ ಎಂದು ಕೇಳಿದ ಕೂಡಲೆ ನೀನು ಪುಸ್ತಕವನ್ನು ಕಣಿವೆಗೆ ಎಸೆದು, ಸರಕಾರದ ಆಜ್ಞೆ ಬಂದು ಗೇಟು ತೆರೆಯುವವರೆಗೆ ಮಳೆಯಲ್ಲೇ ನಿಂತೆ ಎನ್ನುತ್ತಿದ್ದಳು ನನ್ನ ತಾಯಿ. ಅಂದು ನಿನ್ನ ಸೆರಗು ಹಿಡಿದು ನಿಂತಿದ್ದ ನಿನ್ನ ದೊಡ್ಡ ಮಗಳು, ನನ್ನ ಅಜ್ಜಿಯ ಅಕ್ಕ, ಬೇರೆಯೇ ಹೇಳುತ್ತಿದ್ದಳು. ನೀನು ಗೇಟಿನ ಕಬ್ಬಿಣವನ್ನು ಮೂರು ಸಲ ತಟ್ಟಿದೆಯಂತೆ. ಯಾವ ಊರು ಎಂದು ಕೇಳಿದ್ದಕ್ಕೆ ಮಿಣುಕಿಯ ಮಾತು ಹೇಳಿದೆಯಂತೆ. ಕಾವಲಿನ ಹುಡುಗನೂ ಅದೇ ಪುಸ್ತಕ ಓದಿ ಬೆಳೆದವನು. ಆಚೀಚೆ ನೋಡಿ ಗೇಟು ಎತ್ತಿದನಂತೆ. ಈ ಎರಡನೆಯ ಕತೆಯನ್ನು ನನ್ನ ಮನೆಯಲ್ಲಿ ಆಡಗೊಡುವುದಿಲ್ಲ. ಆದರೆ ನಿನ್ನೆಯಿಂದ ಬೇರೇನೂ ತಲೆಗೆ ಬರುತ್ತಿಲ್ಲ. ಯಾವುದು ನಿಜ? ನನ್ನ ಪ್ರಶ್ನೆ ನಿನಗೆ ಮುಟ್ಟಬಹುದು, ನಿನ್ನ ಉತ್ತರ ನನಗೆ ಮುಟ್ಟುವುದಿಲ್ಲ. ಎಪ್ಪತ್ತು ಜನರ ಮನೆತನವನ್ನು ಬೆರಳಲ್ಲಿ ಆಡಿಸುವವಳು ನಾನು, ಇದೊಂದನ್ನು ತಿಳಿಯಲಾರೆ.

ಪುಸ್ತಕ ಓದಬೇಡ ಎಂದು ಬರೆಯಲು ಕೂತಿದ್ದೆ. ನೀನು ಕೇಳುವವಳಲ್ಲ, ನನ್ನ ಮನೆಯವರ್ಯಾರೂ ಕೇಳುವವರಲ್ಲ. ಓದು. ಊಟ ಮಾಡಿ ಓದು, ಕಣ್ಣಿಗೆ ಬೆಳಕಿರಲಿ.

ಮುಂದೊಂದು ದಿನ ಘಟ್ಟದ ಗೇಟಿನಲ್ಲಿ ನಿನ್ನ ಸೊಂಟದ ಮೇಲೊಂದು ಮಗು ಇರುತ್ತದೆ. ಅದು ನನ್ನ ಅಜ್ಜಿ. ಅವರು ನಿನ್ನನ್ನು ಊರು ಕೇಳುತ್ತಾರೆ. ಊರಿನ ಹೆಸರು ಹೇಳಬೇಕು ಎಂದು ಎಲ್ಲ ಮಕ್ಕಳಿಗೂ ಕಲಿಸಿದವಳೇ ನಿನಗೆ ಹೇಳುತ್ತಿದ್ದೇನೆ. ಅವನು ಬರೆದ ಮಾತು ಹೇಳಿದರೆ ಗೇಟು ತೆರೆಯುತ್ತದೆ ಎಂದಾದರೆ ಅದನ್ನೇ ಹೇಳು, ಮಗುವನ್ನು ಒಳಗೆ ತಾ.

ನಾನು ಕೇಳಿಸಿಕೊಳ್ಳುವುದಿಲ್ಲ.

ಇತಿ,
ತಾರಾಮತಿ ಹರಿಕಂತ್ರ
ಕಾಸರಕೋಡು, ಹೊನ್ನಾವರ ತಾಲೂಕು