ಬಾಗಿಲೆದುರಿನ ಎಂಟನೇ ಕಂಬ

ದಾವಣಗೆರೆ, ಹರಿಹರದ ಹಳೇ ರಸ್ತೆ
ಉರಿತಿಂಗಳು ಹದಿನೆಂಟು, ಇಸವಿ ಎರಡು ಸಾವಿರದ ನೂರ ಐವತ್ತೊಂದು

ಕಾಲ ಮೇಲೆ ಕಾಲು ಹಾಕಿಕೊಂಡು ಇದನ್ನು ಓದುತ್ತಿರುವ ಕಂಟ್ರಾಕ್ಟರ್ ಹಾಲೇಶಪ್ಪ, ಮೊದಲು ಕಾಲು ಇಳಿಸು. ಬಾಯಲ್ಲಿರುವುದನ್ನು ಉಗಿದು ಬಾ. ಗೋಡೆಗಲ್ಲ, ಹೊರಗೆ ಮೋರಿಗೆ ಹೋಗಿ ಉಗಿ. ನಾಚಿಕೆ ಅನ್ನುವುದೊಂದು ಇದೆಯೇನೋ ನಿನಗೆ? ಮೆಟ್ಟಿಲ ಮೂಲೆಯಲ್ಲಿ ನೀನು ಉಗಿದದ್ದನ್ನು ನಾನು ಕೆರೆದಿದ್ದೇನೆ. ನೂರಿಪ್ಪತ್ತೈದು ವರ್ಷ ಬಣ್ಣದ ಮೇಲೆ ಬಣ್ಣ ಬಳಿದರೂ ಅಡಿಯಲ್ಲಿ ಕೆಂಪಗೆ ಹಾಗೇ ಕೂತಿದೆ. ನೀನು ಕಟ್ಟಿದ್ದರಲ್ಲಿ ಗಟ್ಟಿಯಾಗಿ ನಿಂತದ್ದು ಅದೊಂದೇ.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬೇಡ. ಉರಿತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಬಿಸಿಲು ತಡೆಯಲಾರದೆ ಏಪ್ರಿಲಿನಿಂದ ಅರ್ಧ, ಮೇಯಿಂದ ಅರ್ಧ ಕಿತ್ತು ನಮ್ಮವರು ಹೊಸ ತಿಂಗಳೊಂದನ್ನು ಮಾಡಿಕೊಂಡಿದ್ದಾರೆ. ಆ ತಿಂಗಳು ಯಾವ ಗಾರೆಯವನೂ ಕರಣೆ ಮುಟ್ಟುವಂತಿಲ್ಲ, ಕೂಲಿ ಮಾತ್ರ ಮನೆಗೇ ಬರುತ್ತದೆ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಂಚೆ ಅಂದರೆ ಸತ್ತವರ ಕಾಲಕ್ಕೆ ಹೋಗುವ ಟಪಾಲು. ಆಗಿಹೋದದ್ದನ್ನು ಅದರಿಂದ ತಿದ್ದಲಾಗುವುದಿಲ್ಲ, ಕೇಳಿ ತಿಳಿದುಕೊಳ್ಳಬಹುದು, ಅಷ್ಟೇ. ಅದು ಹೇಗೆ ಅಂತ ನನ್ನನ್ನು ಕೇಳಬೇಡ, ನಾನು ಓದಿದ್ದು ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸು. ನನ್ನ ಕೆಲವು ಮಾತು ನಿನಗೆ ವಿಚಿತ್ರ ಕೇಳಿಸಿದರೆ ಕ್ಷಮಿಸು. ಬೈಗುಳಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ, ಅದು ನಿನ್ನ ಕಾಲದ್ದೇ, ಅರ್ಥವಾಗುತ್ತದೆ.

ನನ್ನ ಹೆಸರು ಸಣ್ಣೀರಮ್ಮ. ನೀನು ಮೊನ್ನೆ ಮೊನ್ನೆ ಬಲೂನು ಕಟ್ಟಿ ಗೃಹಪ್ರವೇಶ ಮಾಡಿಸಿದೆಯಲ್ಲ, ಹಾಲೇಶ ರಾಯಲ್ ಹೈಟ್ಸು, ಅದರ ನೆಲಮಹಡಿಯ ಮೊದಲನೇ ಮನೆಯಲ್ಲಿ ಇರುವವಳು. ನಾಲ್ಕು ಮಹಡಿಗೆ ಹೈಟ್ಸಂತೆ. ರಾಯಲ್ ಅಂತೆ. ಮೇಲಿನವರು ಬಟ್ಟೆ ಒಗೆದರೆ ನನ್ನ ಅನ್ನದ ತಪ್ಪಲೆಗೆ ನೊರೆ ಬೀಳುತ್ತದೆ. ಈಜುಕೊಳ ಅಂತ ಚಿತ್ರದಲ್ಲಿ ತೋರಿಸಿದ್ದೆಯಂತಲ್ಲ, ಅದು ಇದೇ ಇರಬೇಕು.

ನಮ್ಮ ಕಾಲದ ಕಂಟ್ರಾಕ್ಟರು ಹೇಗಿರುತ್ತಾನೆ ಹೇಳುತ್ತೇನೆ, ಕೇಳಿ ಹೊಟ್ಟೆ ಉರಿಸಿಕೋ. ಪಾಯ ತೋಡುವ ಮೊದಲೇ ಅವನು ಕೂಲಿಯವರಿಗೆ ಮನೆ ಕಟ್ಟಬೇಕು, ಕಕ್ಕಸು ಸಮೇತ. ಆಮೇಲೆ ಬಾಗಿಲ ಪಕ್ಕ ಹೊಣೆಗಲ್ಲು ನಿಲ್ಲಿಸಬೇಕು. ಅದರಲ್ಲಿ ಕಬ್ಬಿಣ ಕಟ್ಟಿದವನ, ಗಾರೆ ಕಲಸಿದವಳ, ನಕ್ಷೆ ಬರೆದವನ, ನೋಡಿ ಸರಿ ಅಂದ ಸಾಹೇಬನ ಹೆಸರು ಕೆತ್ತಿರುತ್ತದೆ. ಮಕ್ಕಳು ಶಾಲೆಗೆ ಹೋಗುತ್ತಾ ಅದನ್ನು ಜೋರಾಗಿ ಓದಿಕೊಂಡೇ ಹೋಗುತ್ತವೆ. ಕೊನೆಗೆ ಮಳೆವಾಸ. ಅಂದರೆ ಕಟ್ಟಿದವನು ಹೆಂಡತಿ ಮಕ್ಕಳ ಜೊತೆ ಒಂದು ಮಳೆಗಾಲ ಪೂರ್ತಿ ಆ ಮನೆಯಲ್ಲೇ ಉಂಡು ಮಲಗಿ ಎದ್ದ ಮೇಲೇ ಕೊಂಡವರಿಗೆ ಬೀಗದ ಕೈ ಕೊಡಬೇಕು. ಹೋದ ವರ್ಷ ನಮ್ಮ ಪಕ್ಕದ ಕಟ್ಟಡದಲ್ಲಿ ಕೊಟ್ರೇಶಿ ಅನ್ನುವ ಕಂಟ್ರಾಕ್ಟರು ಮಳೆವಾಸಕ್ಕೆ ಕೂತಿದ್ದ. ಅಡಿಗೆಮನೆಯಲ್ಲಿ ಒಂದೇ ಒಂದು ಕಡೆ ತೊಟ್ಟಿಕ್ಕಿತು. ಅವನ ಹೆಂಡತಿ ಇಡೀ ಬೀದಿಗೆ ಕೇಳುವಂತೆ, ರೀ ಕಂಟ್ರಾಕ್ಟರೇ, ಸಾರಿಗೆ ನೀರು ನಾನು ಹಾಕಲೋ ನೀವೇ ಹಾಕುತ್ತೀರೋ ಅಂದಳು. ಮಾರನೇ ದಿನ ತಾರಸಿ ಪೂರ್ತಿ ಕೆತ್ತಿಸಿ ಹೊಸದಾಗಿ ಮಾಡಿಸಿದ. ನೂರು ಇನ್‌ಸ್ಪೆಕ್ಟರುಗಳು ಮಾಡದ ಕೆಲಸ ಒಂದು ಹೆಂಡತಿ ಮಾಡುತ್ತಾಳಪ್ಪ. ನಿನ್ನ ಹೆಂಡತಿಯನ್ನು ನೀನು ಕಟ್ಟಿದ ಯಾವ ಮನೆಯಲ್ಲಾದರೂ ಒಂದು ರಾತ್ರಿ ಮಲಗಿಸಿದ್ದೀಯಾ?

ಮರಳು ಈಗ ಎಲ್ಲಿಯೂ ಇಲ್ಲ. ತುಂಗಭದ್ರೆಯನ್ನು ನೀವೇ ಬಳಿದು ಮುಗಿಸಿದಿರಿ. ನಮ್ಮದೇನಿದ್ದರೂ ಮರುಪುಡಿ, ನಿಮ್ಮ ಕಟ್ಟಡಗಳನ್ನು ಕೆಡವಿ ಅರೆದ ಪುಡಿ. ಅದನ್ನು ಜರಡಿ ಹಿಡಿಯುವ ಕೆಲಸ ನಾನು ಪ್ರಾಯದಲ್ಲಿ ಮಾಡಿದವಳು. ಥೂ! ಏನೇನು ಸಿಗುತ್ತಿತ್ತು ಅಂತೀಯ. ಕಂಬದ ಹೊಟ್ಟೆಯಲ್ಲಿ ಗುಟ್ಕಾ ಚೀಟಿ, ಸಾರಾಯಿ ಬಾಟಲಿ, ಸಿಮೆಂಟಿನ ಖಾಲಿ ಚೀಲ ಮಡಚಿದ್ದು ಮಡಚಿದ ಹಾಗೇ. ಒಂದು ತೊಲೆಯೊಳಗೆ ಇಡೀ ಒಂದು ಚಪ್ಪಲಿ ಸಿಕ್ಕಿತು, ಎಡಗಾಲಿನದು. ಇದನ್ನು ಹೂತು ಬಲಗಾಲಲ್ಲಿ ಕುಂಟಿಕೊಂಡು ಮನೆಗೆ ಹೋದನೇನೋ ಆ ಪುಣ್ಯಾತ್ಮ ಅಂತ ನಾವೆಲ್ಲ ನಕ್ಕೆವು. ಊಟಕ್ಕೆ ಕೂತಾಗ ಹೊಳೆಯಿತು. ಆ ತೊಲೆಯ ಕೆಳಗೆ ಯಾರೋ ಎಷ್ಟೋ ವರ್ಷ ಮಕ್ಕಳನ್ನು ಮಲಗಿಸಿದ್ದರಲ್ಲ.

ಈಗ ನಿನ್ನ ವಿಚಾರಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಮುಗಿಲಿ ತುಂಬಿದ ಬಸುರಿ. ತೊಟ್ಟಿಲ ಹಗ್ಗಕ್ಕೆ ಒಂದು ಕೊಂಡಿ ಬೇಕು, ಬಾಗಿಲ ಹೊರಗಿನ ಪಡಸಾಲೆಯಲ್ಲಿ ಗಾಳಿ ಚೆನ್ನಾಗಿದೆ, ಮೂಲೆಯ ಕಂಬಕ್ಕೆ ಹೊಡಿ ಅಂದೆ. ಅವಳ ಗಂಡ ಬಸವಂತ ಮೊಳೆ ಇಟ್ಟು ಒಂದೇ ಏಟು ಹಾಕಿದ. ಹಲಸಿನ ಹಣ್ಣಿಗೆ ಹೋದ ಹಾಗೆ ಹೋಯಿತು. ಗಿಲಾವು ಉದುರಿತು, ಅದರ ಹಿಂದೆ ಬರೀ ಇಟ್ಟಿಗೆ, ಇಟ್ಟಿಗೆಯ ಹಿಂದೆ ಪೊಳ್ಳು. ಸಾಲಿನಲ್ಲಿ ಎಂಟು ಕಂಬ ಅಂತ ನಾವು ಎಣಿಸಿಕೊಂಡು ಬಂದೆವಲ್ಲ, ಎಂಟನೆಯದು ಕಂಬವೇ ಅಲ್ಲ, ಕಂಬದ ವೇಷ. ಬಸವಂತ ಸುತ್ತಿಗೆ ಕೆಳಗಿಟ್ಟು ಬೆರಳ ತುದಿಯಲ್ಲಿ ನಡೆಯುತ್ತಾ ಒಳಗೆ ಬಂದ. ಯಾಕೋ ಹಾಗೆ ನಡೆಯುತ್ತೀ ಅಂದರೆ, ಅಜ್ಜಿ, ಮೇಲೆ ಮೂರು ಮನೆ ಇವೆ, ಸುಮ್ಮನಿರು ಅಂದ. ಜೋರಾಗಿ ಮಾತಾಡಿದರೂ ಬೀಳುತ್ತದೇನೋ ಅನ್ನುವ ಹಾಗೆ.

ಇಂಥದ್ದನ್ನು ಮುಚ್ಚಿಡುವುದು ನಮ್ಮಲ್ಲಿ ಕೊಲೆಗೆ ಸಮ. ನಗರದ ಕಟ್ಟಡ ಕಚೇರಿಗೆ ನಾನೇ ಹೋಗಿ ಹೇಳಿದೆ. ಅಲ್ಲಿಯ ಹುಡುಗಿ ಒಳ್ಳೆಯವಳೇ, ಕೂರಿಸಿ ನೀರು ಕೊಟ್ಟಳು, ಕಾಯ್ದೆಯನ್ನು ಮಾತ್ರ ಬದಲಿಸಲಾರಳು. ಕಟ್ಟಿದವನ ಬಾಯಿಂದ ಏನೂ ಗೊತ್ತಿಲ್ಲದ ಹಳೇ ಕಟ್ಟಡಕ್ಕೆ ಇಲ್ಲಿ ಮೂಕ ಕಟ್ಟಡ ಅನ್ನುತ್ತಾರೆ. ಮೂಕ ಕಟ್ಟಡದ ಪಾಯವನ್ನು ಯಾರೂ ಅಗೆದು ನೋಡುವಂತಿಲ್ಲ. ಹಿಂದೊಮ್ಮೆ ಹಾಗೆ ಅಗೆಯುವಾಗಲೇ ಒಂದು ಕುಸಿದು ಅಗೆದವರನ್ನೂ ನುಂಗಿತು. ಇಲ್ಲಿಯವರೆಗೆ ತೊಲೆಗಳ ಅಡಿಗೆ ಊರುಗೋಲು ಕೊಟ್ಟು ಜನರನ್ನು ಇರಲು ಬಿಡುತ್ತಿದ್ದರು. ಬರುವ ತಿಂಗಳ ಒಂದನೇ ತಾರೀಖಿನಿಂದ ಹೊಸ ನಿಯಮ, ಮೂಕ ಕಟ್ಟಡವೆಲ್ಲ ಮರುಪುಡಿಗೆ. ಹದಿನಾರು ಮನೆಯವರು ಮಳೆಗಾಲಕ್ಕೆ ಸರಿಯಾಗಿ ತಗಡಿನ ಶೆಡ್ಡಿಗೆ ಹೋಗಬೇಕು. ನಿನ್ನ ಕಟ್ಟಡಕ್ಕೆ ಬಾಂಡಲಿ ಹೊತ್ತ ಹೆಂಗಸರು ಶೆಡ್ಡಿನಲ್ಲೇ ಹೆತ್ತರಂತಲ್ಲ, ಹಾಗೆಯೇ ನನ್ನ ಮುಗಿಲಿಯೂ ಹೆರಬೇಕು. ಆ ಹೆಂಗಸರ ಶಾಪವೋ ಏನೋ, ನಿನ್ನನ್ನು ಬಿಟ್ಟು ನನ್ನ ಮನೆ ಹುಡುಕಿಕೊಂಡು ಬಂತು.

ಇನ್ನೊಂದು ಮಾತು ಇದೆ, ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಈ ಮನೆಯನ್ನು ನಿನ್ನಿಂದ ಕೊಂಡವಳು ನನ್ನ ಮುತ್ತಜ್ಜಿ ಪುಷ್ಪಲತಾ. ನಿನಗೆ ಗೊತ್ತು, ಕನ್ನಡಕ ತಲೆಯ ಮೇಲೆ ಸಿಕ್ಕಿಸಿಕೊಂಡು ಕನ್ನಡಕ ಹುಡುಕುವವಳು. ಅವಳ ಕಥೆಯೊಂದು ನಮ್ಮ ಮನೆಯಲ್ಲಿ ದೇವರ ಕಥೆಯ ಹಾಗೆ ನಡೆದುಬಂದಿದೆ. ವಾಸ್ತು ನೋಡುವವನು ಬಂದನಂತೆ, ನಕ್ಷೆಯಲ್ಲಿ ತಲೆಬಾಗಿಲಿಗೆ ಸರಿಯಾಗಿ ಎದುರು ಒಂದು ಕಂಬ ಇದೆ, ಬಾಗಿಲಿಗೆ ಕಂಬ ಎದುರಾದರೆ ವಂಶಕ್ಕೆ ಕೇಡು ಅಂದನಂತೆ. ಮುತ್ತಜ್ಜಿ ಅತ್ತುಬಿಟ್ಟಳಂತೆ. ಆಗ ನೀನು, ಅಯ್ಯೋ ಅಕ್ಕಾ, ಒಂದು ಕಂಬಕ್ಕೆ ಯಾಕೆ ಕಣ್ಣೀರು, ಪಕ್ಕಕ್ಕೆ ಸರಿಸಿದರಾಯಿತು ಅಂದೆಯಂತೆ. ಸರಿಸಿದೆಯಂತೆ. ದುಡ್ಡೂ ಕೇಳಲಿಲ್ಲವಂತೆ. ಎಂಥಾ ಒಳ್ಳೆ ಮನುಷ್ಯ ಅಂತ ಹೇಳಿಕೊಂಡು ನಮ್ಮ ಮನೆಯವರು ಪ್ರತಿ ವರ್ಷ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ನಿನ್ನ ಹೆಸರಿಗೂ ಒಂದು ಹೋಳಿಗೆ ಇಡುತ್ತಿದ್ದರು. ನಾನೂ ಇಟ್ಟಿದ್ದೇನೆ, ತುಪ್ಪ ಹಾಕಿ. ಈಗ ನೆನೆದರೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ಕಂಬ ಏನು ಮಂಚವೇನೋ ಸರಿಸುವುದಕ್ಕೆ? ಅದರ ಬದಲು ಮೂಲೆಯಲ್ಲಿ ನೀನು ಹಾಕಿದ ಆ ಇಟ್ಟಿಗೆ ವೇಷ ಏನು ಹೊರುತ್ತದೆ ಅಂತ ನಿನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವಳು ಕೇಳಿದಳು, ತಪ್ಪೇ. ನೀನು ಇಲ್ಲ ಅನ್ನಬೇಕಿತ್ತು. ಇಲ್ಲ ಅನ್ನಲು ಬಾಯಿ ಬರದವನು ಯಾಕಯ್ಯಾ ಮನೆ ಕಟ್ಟುವ ಕೆಲಸಕ್ಕೆ ಬರುತ್ತೀ?

ನನಗೆ ಬೇಕಾದದ್ದು ಒಂದೇ ಮಾತು. ಪುಷ್ಪಲತಾ ಅತ್ತುಕೊಂಡು ನಿನ್ನ ಹತ್ತಿರ ಬಂದಾಗ ಬಾಗಿಲೆದುರಿನ ಆ ಜಾಗದಲ್ಲಿ ಪಾಯ ಹಾಕಿ ಆಗಿತ್ತೋ, ಇನ್ನೂ ಹಾಕಿರಲಿಲ್ಲವೋ? ನೆಲದ ಕೆಳಗೆ ಎಂಟನೇ ಕಂಬದ ಪಾಯ ಇದೆ ಅಂತ ನೀನು ನಿನ್ನ ಕೈಯಾರೆ ಬರೆದರೆ ಕಟ್ಟಡಕ್ಕೆ ಬಾಯಿ ಬಂದ ಹಾಗೆ. ಅದರ ಮೇಲೆ ಹೊಸ ಕಂಬ ಎಬ್ಬಿಸಿ ನಾವೆಲ್ಲ ಇಲ್ಲೇ ಉಳಿಯಬಹುದು ಅಂತ ಆ ಹುಡುಗಿ ಹೇಳಿದ್ದಾಳೆ. ಬಾಗಿಲಿಗೆ ಎದುರಾದರೆ ಆಗಲಿ. ದಿನಾ ಬೆಳಿಗ್ಗೆ ಅದರ ಮುಖ ನೋಡಿ, ಅದಕ್ಕೇ ಕುಂಕುಮ ಇಟ್ಟು, ಅದಕ್ಕೇ ತೊಟ್ಟಿಲು ಕಟ್ಟುತ್ತೇನೆ. ಪಾಯ ಇಲ್ಲವಾದರೆ ಇಲ್ಲ ಅಂತಲೇ ಬರೆ. ನಾನು ಪಾತ್ರೆ ಕಟ್ಟುತ್ತೇನೆ, ಮುಗಿಲಿಯ ಕೈ ಹಿಡಿದು ಶೆಡ್ಡಿಗೆ ನಡೆಯುತ್ತೇನೆ. ಬದುಕಿಯಾದರೂ ಇರುತ್ತೇವೆ. ಆದರೆ ನನ್ನನ್ನು ಸಮಾಧಾನ ಮಾಡುವುದಕ್ಕೆ, ಅಯ್ಯೋ ಅಜ್ಜಿ, ಇದೆ ಇದೆ ಅಂತ ಬರೆಯಬೇಡ. ಒಬ್ಬಳನ್ನು ಸಮಾಧಾನ ಮಾಡಿದ್ದು ಸಾಕು.

ಇದರ ಜೊತೆ ಒಂದು ಖಾಲಿ ಹಾಳೆ ಇದೆ, ಅದರ ಮೇಲೆ ಬರೆದದ್ದು ಮಾತ್ರ ಹಿಂದಂಚೆಯಲ್ಲಿ ನನಗೆ ತಲುಪುತ್ತದೆ. ಇಲ್ಲಿ ಒಂದು ದಿನ ಕಳೆದರೆ ನಿನ್ನಲ್ಲೂ ಒಂದೇ ದಿನ. ನಾಳೆ ಬಾ, ನಾಡಿದ್ದು ಬಾ ಅಂತ ಕೊಂಡವರನ್ನು ಅಲೆಸಿದ ಹಾಗೆ ನನ್ನನ್ನು ಅಲೆಸಬೇಡ, ತೊಟ್ಟಿಲಲ್ಲಿ ಮಲಗುವುದಕ್ಕೆ ಬರುವವರು ನಿನಗೋಸ್ಕರ ಕಾಯುವುದಿಲ್ಲ. ಪೆನ್ನು ತಗೋ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.

ಸಣ್ಣೀರಮ್ಮ